ಗಾಡಿಯ ಜೀವ ಇರುವ ಕಡೆ

ಟಕ್ ಎಂದಿತು. ಕಡಲೆಕಾಯಿಯ ಸಿಪ್ಪೆ ಬಿರಿದಷ್ಟೇ ಸಣ್ಣ ಸದ್ದು. ಕ್ಯಾಂಟರಿನ ಸೀಟು ಎತ್ತಿ, ಅದರ ಕೆಳಗಿನ ಕತ್ತಲೆಯೊಳಕ್ಕೆ ಮೊಣಕೈವರೆಗೆ ತೋಳು ಇಳಿಬಿಟ್ಟಿದ್ದ ಲತಾಮಣಿ ಹಾಗೆಯೇ ಉಸಿರು ಬಿಗಿಹಿಡಿದಳು. ಬಳೆಯ ಸದ್ದಲ್ಲ, ಬಳೆಗಳನ್ನು ಮೇಲಕ್ಕೆ ಸರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡೇ ಅವಳು ಮನೆಯಿಂದ ಹೊರಗೆ ಬಂದಿದ್ದಳು. ಗಾಡಿ ಬಂದು ನಿಂತು ಎರಡು ಗಂಟೆಯಾಗಿದ್ದರೂ ಎಂಜಿನ್ನಿನ ಮೈ ಇನ್ನೂ ಬೆಚ್ಚಗಿತ್ತು. ಬೆರಳಿಗೆ ಸಿಕ್ಕಿದ, ಕುತ್ತಿಗೆಯಂಥ ಕಬ್ಬಿಣಕ್ಕೆ ಅರಿಸಿನದ ಕೊಂಬು ಕಟ್ಟಿದ ದಾರವನ್ನು ಮೂರು ಸುತ್ತು ಸುತ್ತಿ, ಮೂರು ಗಂಟು ಹಾಕಿ, ಬಿಚ್ಚಿಕೊಳ್ಳದಿರಲಿ ಎಂದು ಕೊನೆಯ ಗಂಟನ್ನು ಬಲವಾಗಿ ಎಳೆದಾಗ ಬಂದ ಸದ್ದು ಅದು. ಇನ್ನೊಮ್ಮೆ ಬರುತ್ತದೆಯೇ ಎಂದು ಕಾದಳು. ಬರಲಿಲ್ಲ. ಸೀಟು ಇಳಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ, ಬಚ್ಚಲಲ್ಲಿ ಸೋಪು ಹಾಕಿ ಎರಡು ಸಲ, ನಿಂಬೆಹಣ್ಣಿನ ಹೋಳು ಉಜ್ಜಿ ಒಂದು ಸಲ ಕೈ ತೊಳೆದು ಬಂದು ಗಂಡನ ಪಕ್ಕದಲ್ಲಿ ಮಲಗಿದಳು. ಜಯಕುಮಾರ್ ನಿದ್ದೆಯಲ್ಲೇ, "ನೀರ್ ಬಂತಾ?" ಎಂದು ಕೇಳಿದ. ಬಂತು ಎಂದಳು. ನಲ್ಲಿ ನೀರಿನ ಬಗ್ಗೆ ಹೇಳಿದ ಆ ಸುಳ್ಳು ಅಂದಿನ ಮೊದಲನೆಯದು, ಅಷ್ಟು ಸಲೀಸಾಗಿ ಬಂದಿತ್ತು.

ಬೆಳಿಗ್ಗೆ ಐದೂಕಾಲಿಗೆ ಡ್ರೈವರ್ ಸ್ವಾಮಿ ಕೀ ತಿರುಗಿಸಿದಾಗ ಅವಳು ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು ತಟ್ಟೆಗಳನ್ನು ಎಣಿಸುತ್ತಿದ್ದಳು. ಸೆಲ್ಫ್ ತಿರುಗಿತು. ಗರಗರ ತಿರುಗಿ ತಿರುಗಿ, ಹಿಡಿಯುವುದಕ್ಕೆ ಒಂದು ಕೂದಲಷ್ಟು ಬಾಕಿ ಇದೆ ಎನ್ನಿಸುವಲ್ಲಿ ನಿಂತುಬಿಟ್ಟಿತು. ಮತ್ತೆ ತಿರುಗಿತು. ಮತ್ತೆ ಹಾಗೆಯೇ. ಅವಳು ಎಣಿಕೆ ತಪ್ಪಿ ಮೊದಲಿನಿಂದ ಎಣಿಸಿದಳು. ದಾರಕ್ಕೂ ಇದಕ್ಕೂ ಏನು ಸಂಬಂಧ ಎಂದು ತನಗೆ ತಾನೇ ಹೇಳಿಕೊಂಡಳು, ಮತ್ತು ಹಾಗೆ ಹೇಳಿಕೊಂಡದ್ದಕ್ಕೇ ಅವಮಾನವಾಯಿತು. ಯಾರೂ ಕೇಳದ ಪ್ರಶ್ನೆಗೆ ತಾನು ಯಾಕೆ ಉತ್ತರ ಕೊಡಬೇಕು? ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಕುದೂರು ಹೋಬಳಿಯಲ್ಲಿ ಚಾಕಿ ಕೇಂದ್ರ ನಡೆಸುವ ಏಕೈಕ ಹೆಂಗಸು ಎಂದು ರೇಷ್ಮೆ ಇಲಾಖೆಯವರು ವೇದಿಕೆಗೆ ಕರೆದು ಶಾಲು ಹೊದಿಸಿದ್ದರು. ಮೊಟ್ಟೆಯಿಂದ ಹೊರಬಂದ ಹುಳುವನ್ನು ಎಂಟು ದಿನ ಎಳೆಸೊಪ್ಪು ಹಾಕಿ ಸಾಕಿ, ಎರಡನೇ ಜ್ವರದಲ್ಲಿರುವಾಗ ರೈತರಿಗೆ ತಲುಪಿಸುವುದು ಅವಳ ಕೆಲಸ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಒಂದು ಹಗಲು ನಿಂತುಬಿಡುತ್ತದೆ. ಅದನ್ನೇ ಈ ಕಡೆಯವರು ಜ್ವರ ಎನ್ನುವುದು. ಆ ಜ್ವರದಲ್ಲಿ ಮಾತ್ರ ಅದನ್ನು ಕದಲಿಸಬಹುದು, ಅದೂ ತಂಪು ಹೊತ್ತಿನಲ್ಲಿ. ಜ್ವರ ಬಿಟ್ಟು ಎದ್ದರೆ ಅದಕ್ಕೆ ಹಸಿವು, ಹಸಿವಿನ ಮೇಲೆ ಏಪ್ರಿಲ್ಲಿನ ಬಿಸಿಲು ಬಿದ್ದರೆ ಸಾವು. ಹದಿನಾಲ್ಕು ಮನೆಯವರು ವಿರೂಪಾಕ್ಷಿಪುರದ ಸುತ್ತ ಸೊಪ್ಪು ಕೊಯ್ದಿಟ್ಟುಕೊಂಡು ಕಾಯುತ್ತಿದ್ದರು. ಎಂಟಕ್ಕೆ ಹುಳು ಅಲ್ಲಿರಬೇಕು. ಹೋದ ಸಲದ ಹುಳುವಿಗೆ ಸುಣ್ಣಕಟ್ಟು ರೋಗ ತಗುಲಿ ಆ ಹದಿನಾಲ್ಕರಲ್ಲಿ ಐದು ಮನೆಯವರು ತಟ್ಟೆಗಟ್ಟಲೆ ಬಿಳಿಯ ಹೆಣಗಳನ್ನು ಸುರಿದಿದ್ದರು. ಈ ಸಲವೂ ಕೈಕೊಟ್ಟರೆ ಕೇಂದ್ರದ ಬಾಗಿಲಿಗೆ ಯಾರೂ ಬರುವುದಿಲ್ಲ. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದರಿಂದಲೇ ಅವಳಿಗೆ ಗೊತ್ತಿತ್ತು.

"ಡೀಸಲ್ ಪೈಪಲ್ಲಿ ಏರ್ ಹಿಡ್ಕಂಡೈತೆ," ಎಂದ ಸ್ವಾಮಿ. ಅವನು ನಲವತ್ತೈದರ, ಮಾತು ಕಡಿಮೆಯ ಮನುಷ್ಯ. ಟವೆಲನ್ನು ತಲೆಗೆ ಸುತ್ತಿಕೊಂಡು ಗಾಡಿಯ ಕೆಳಗೆ ತೂರಿ, ಫಿಲ್ಟರಿನ ಮೇಲಿನ ನಟ್ಟು ಸಡಿಲಿಸಿ ಕೈಪಂಪು ಒತ್ತತೊಡಗಿದ. ನೊರೆ ನೊರೆಯಾಗಿ ಡೀಸೆಲ್ ಬಂತು, ಆಮೇಲೆ ನೊರೆ ನಿಂತು ಶುದ್ಧ ಡೀಸೆಲ್ ಬಂತು. ನಟ್ಟು ಬಿಗಿದು, "ಈಗ ಹೊಡೀರಿ ಅಣ್ಣ," ಎಂದ. ಜಯಕುಮಾರ್ ಕೀ ತಿರುಗಿಸಿದ. ಗರಗರ. ನಿಂತಿತು. ಸ್ವಾಮಿ ಮತ್ತೆ ಅದೇ ನಟ್ಟು ಸಡಿಲಿಸಿ ಮತ್ತೆ ಅದೇ ಕೆಲಸ ಮಾಡಿದ. ಗರಗರ ಈಗ ತುಸು ನಿಧಾನವಾಗಿತ್ತು. "ಬ್ಯಾಟ್ರಿ ಇಳೀತೈತೆ, ಜಾಸ್ತಿ ಹೊಡೀಬೇಡಿ," ಎಂದು ಅವನು ಕೆಳಗಿನಿಂದ ಹೇಳಿದ್ದು, "ನಂಗೆ ಯೋಳ್ಕೊಡ್ತೀಯೇನ್ಲಾ," ಎಂದು ಜಯಕುಮಾರ್ ಮೇಲಿನಿಂದ ಅಂದದ್ದು ಎರಡೂ ಅವಳಿಗೆ ಕೇಳಿಸಿದವು. ಸೊಪ್ಪಿನ ಗಾಡಿಯವರು, ಹಾಲಿನ ಗಾಡಿಯವರು, ಗೊಬ್ಬರದ ಅಂಗಡಿಯವರು, ಎಲ್ಲರಿಗೂ ಜಯಕುಮಾರ್ ಫೋನ್ ಮಾಡಿದ. ಸೊಪ್ಪಿನದೂ ಹಾಲಿನದೂ ಆಗಲೇ ಹೊರಟುಹೋಗಿದ್ದವು, ಉಳಿದ ಯಾವ ಗಾಡಿಯೂ ಆಗುವುದಿಲ್ಲ. ಗೊಬ್ಬರ ಹೊತ್ತದ್ದು, ಔಷಧಿ ಹೊತ್ತದ್ದು, ಹೊಗೆಸೊಪ್ಪು ಜಗಿಯುವವನು ಓಡಿಸಿದ್ದು, ಯಾವುದರಲ್ಲೂ ಹುಳುವನ್ನು ಏರಿಸುವ ಹಾಗಿಲ್ಲ. ವಾಸನೆಯೇ ಸಾಕು ಅದರ ಜೀವಕ್ಕೆ. ಹುಳುಮನೆಯ ಬಾಗಿಲ ಮೇಲೆ ಲತಾಮಣಿಯೇ ದುಂಡಗಿನ ಅಕ್ಷರದಲ್ಲಿ ಬರೆದು ತೂಗುಹಾಕಿದ್ದಳು: ಡೀಸೆಲ್, ಪೆಟ್ರೋಲ್, ತಂಬಾಕು, ಸೊಳ್ಳೆಬತ್ತಿ ಮುಟ್ಟಿದವರು ಒಳಗೆ ಬರಬಾರದು. ಈ ಕ್ಯಾಂಟರನ್ನೂ ಹಿಂದಿನ ಸಂಜೆ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದಿದ್ದರು, ಮೂಲೆ ಮೂಲೆಯನ್ನೂ, ಸ್ವಾಮಿಯೇ ಬ್ರಷ್ಷು ಹಿಡಿದು.

ಆ ಸ್ವಾಮಿಯೇ ಅವಳಿಗೆ ಹೇಳಿದ್ದು. ಮಾಗಡಿಯ ರಸ್ತೆಯ ತಿರುವಿನಲ್ಲಿ ಎದುರಿನಿಂದ ಜಲ್ಲಿ ಲಾರಿ ನುಗ್ಗಿದ್ದು, ಕ್ಯಾಂಟರು ರಸ್ತೆ ಬಿಟ್ಟು ಇಳಿದು ಹುಣಿಸೆಮರಕ್ಕೆ ಒರಗಿ ನಿಂತದ್ದು, ಅಣ್ಣನ ತಲೆಗೂ ಮರದ ಕೊಂಬೆಗೂ ನಡುವೆ ಗೇಣು ಉಳಿದದ್ದು. ತಿಂಗಳಾಗಿತ್ತು ಅದಾಗಿ. ಜಯಕುಮಾರ್ ಮನೆಗೆ ಬಂದು, ಕೈ ತೊಳೆದು, ಮುದ್ದೆ ಉಂಡು, ಸಾರಿಗೆ ಉಪ್ಪು ಕಮ್ಮಿ ಎಂದಿದ್ದ. ಮಾರನೆಯ ದಿನ ಗಾಡಿಯ ಬಾಗಿಲಿನ ಬಣ್ಣ ಕೆತ್ತಿಹೋದದ್ದನ್ನು ನೋಡಿ ಅವಳು ಕೇಳಿದಾಗ ಸ್ವಾಮಿ ಸುಳ್ಳು ಹುಡುಕಲು ಹೋಗದೆ ಹೇಳಿಬಿಟ್ಟ, ಮತ್ತು ಅದಕ್ಕಾಗಿ ಅಣ್ಣನಿಂದ ಬೈಸಿಕೊಂಡ. ಅಲ್ಲಿಂದೀಚೆಗೆ ಗಾಡಿ ಹೊರಟ ಮೇಲೆ ಅವಳಿಗೆ ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು. ಮೂರು ವಾರ ತಡೆದುಕೊಂಡಳು. ನಾಲ್ಕನೆಯ ವಾರ ಹನುಮಂತಮ್ಮನ ಮನೆಗೆ ಹೋದಳು, ಸೀಮೆಹುಲ್ಲು ಕೇಳುವ ನೆಪದಲ್ಲಿ. ಎರಡು ವರ್ಷದ ಹಿಂದೆ ದಾರ ಮಂತ್ರಿಸಿ ಕೊಡುವ ಇದೇ ಹನುಮಂತಮ್ಮ ಲತಾಮಣಿ ನಡೆಸಿದ ತರಬೇತಿಗೆ ಬಂದಾಗ ತನ್ನ ಹುಳುತಟ್ಟೆಯ ಮೂಲೆಗೆ ಹಳದಿ ದಾರ ಕಟ್ಟಿಕೊಂಡು ತಂದಿದ್ದಳು. ಲತಾಮಣಿ ಅದನ್ನು ಎರಡೇ ಬೆರಳಲ್ಲಿ ಮೇಲಕ್ಕೆತ್ತಿ, ಮೂವತ್ತು ಜನರ ಮುಂದೆ, "ಸುಣ್ಣಕಟ್ಟು ಇದರಿಂದ ಹೋಗಲ್ಲ, ಬ್ಲೀಚಿಂಗ್ ಪೌಡರಿಂದ ಹೋಗುತ್ತೆ," ಎಂದಿದ್ದಳು. ಜನ ನಕ್ಕಿದ್ದರು. ಹನುಮಂತಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು, ಎಲ್ಲರೂ ನಗುವಾಗ ತಾನೊಬ್ಬಳು ನಗದೆ ಇದ್ದರೆ ತಪ್ಪಾಗುತ್ತದೆ ಎಂಬಂತೆ. ಈಗ ಹನುಮಂತಮ್ಮ ಆ ಮಾತು ಎತ್ತಲಿಲ್ಲ. ಅದೇ ಲತಾಮಣಿಗೆ ಕಷ್ಟವಾಯಿತು. ದಾರಕ್ಕೆ ಅರಿಸಿನ ತೊಡೆದು ಕೊಂಬು ಕಟ್ಟುತ್ತಾ, "ಎಲ್ರೂ ಸ್ಟೇರಿಂಗ್‌ಗೆ ಕಟ್ತಾರೆ ಕನವ್ವ. ಸ್ಟೇರಿಂಗು ಅನ್ನೋದು ಕೈ. ಕೈಗ್ ಕಟ್ಟಿದ್ರೆ ಏನ್ ಬಂತು? ಗಾಡಿ ಜೀವ ಎಲ್ಲೈತೋ ಅಲ್ಲಿ ಕಟ್ಟು," ಎಂದಳು. "ಜೀವ ಎಲ್ಲಿರುತ್ತೆ?" ಎಂದು ಲತಾಮಣಿ ಕೇಳಿದಳು. ಬೇರೆ ಯಾವ ಹೆಂಗಸಾದರೂ ಕೇಳುತ್ತಿರಲಿಲ್ಲ, ಕನ್ನಡಿಗೋ ಗೇರಿಗೋ ಕಟ್ಟಿ ಕೈಮುಗಿದು ಬಿಡುತ್ತಿದ್ದಳು. ಹನುಮಂತಮ್ಮ ನಕ್ಕು, "ನೀನ್ ಓದ್ದೋಳು, ನಿಂಗ್ ಗೊತ್ತಿರ್ಬೇಕು," ಎಂದಳು. ಗೊತ್ತಿತ್ತು. ಗಾಡಿ ಕೊಂಡ ಹೊಸದರಲ್ಲಿ ಜಯಕುಮಾರ್ ಸೀಟು ಎತ್ತಿ, ಎಂಜಿನ್ನಿನ ಎಡಮಗ್ಗುಲಿನ ಕಪ್ಪು ಪೆಟ್ಟಿಗೆಯಂಥದ್ದನ್ನು ತೋರಿಸಿ, "ಡೀಸಲ್ ಪಂಪು. ಇದೇ ಜೀವ. ಇದೊಂದ್ ಕೆಟ್ರೆ ಗಾಡಿ ಗುಜ್ರಿಗೆ," ಎಂದಿದ್ದ.

ಏಳೂವರೆಗೆ ಕುದೂರಿನಿಂದ ಮೆಕ್ಯಾನಿಕ್ ಫಕ್ರುದ್ದೀನ್ ಮೊಪೆಡ್ಡಿನಲ್ಲಿ ಬಂದ. ವಯಸ್ಸಾದವನು, ಒಂದು ಕಣ್ಣಿಗೆ ಪೊರೆ ಬಂದಿತ್ತು, ಬೆರಳುಗಳು ಸೌತೆಕಾಯಿಯ ಹಾಗೆ ದಪ್ಪ. ಅವನು ಮೊದಲು ಗಾಡಿಯನ್ನು ಮುಟ್ಟಲಿಲ್ಲ. ಸ್ವಾಮಿ ಏನೇನು ಮಾಡಿದ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಪಂಪಿನಿಂದ, ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಸಲಿಗೆ ಹೋಗುವ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಸೆಲ್ಫ್ ಹೊಡೆಸಿ, ಬೆರಳಿಟ್ಟು ನೋಡಿದ. ಬೆರಳು ಒಣಗಿಯೇ ಇತ್ತು. "ಪಂಪ್ ತಂಕ ಎಣ್ಣೆ ಬತ್ತಾ ಐತೆ ಕುಮಾರಣ್ಣ. ಪಂಪಿಂದ ಆಚೆ ಒಂದು ತೊಟ್ಟೂ ಇಲ್ಲ," ಎಂದ. ಜಯಕುಮಾರನ ಮುಖ ನೋಡಲು ಅವಳಿಗೆ ಆಗಲಿಲ್ಲ. ಅತ್ತೆ ಶಿವಲಿಂಗಮ್ಮ ಹುಳುಮನೆಯ ಕಿಟಕಿಯ ಸೊಳ್ಳೆಪರದೆಯ ಹಿಂದಿನಿಂದ, "ಲತಾ, ಮುಂದ್ಗಡೆ ತಟ್ಟೆಯವು ಎದ್ಬುಟ್ಟವೆ ಕಣವ್ವ. ತಲೆ ಆಡುಸ್ತಾವೆ," ಎಂದು ಕೂಗಿದಳು. ಎದ್ದ ಹುಳು ಸೊಪ್ಪು ಸಿಗದೆ ತಟ್ಟೆಯ ಅಂಚಿಗೆ ಹರಿದು ಬಂದು ಗಾಳಿಯಲ್ಲಿ ತಲೆ ಹುಡುಕಾಡಿಸುವುದು ಅವಳ ಕಣ್ಣಿಗೆ ಕಟ್ಟಿತು. ಇಲ್ಲಿಯೇ ಹಾಕೋಣವೆಂದರೆ ಎಳೆಸೊಪ್ಪು ಮುಗಿದಿತ್ತು, ತೋಟದ ಚಿಗುರು ಬರುವುದಕ್ಕೆ ಇನ್ನೂ ನಾಲ್ಕು ದಿನ. ಒಂದು ಹುಳುವಿಗೆ ಒಂದು ಬಾಯಿ. ಒಂದು ತಟ್ಟೆಗೆ ಎಷ್ಟು ಸಾವಿರ ಬಾಯಿ ಎಂದು ಅವಳ ತಲೆ ಗುಣಿಸಲು ಹೊರಟಿತು, ಬೇಡವೆಂದರೂ.

ಫಕ್ರುದ್ದೀನ್ ಕ್ಯಾಬಿನ್ನಿನಲ್ಲಿ ಸ್ಟೇರಿಂಗಿನ ಕೆಳಗಿನ ಕರಿಯ ಗುಂಡಿಯನ್ನು ಎಳೆದ, ಒತ್ತಿದ. ಸಲೀಸಾಗಿ ಒಳಗೆ ಹೋಯಿತು. "ಸ್ಟಾಪ್ ಸರಿಗೈತೆ," ಎಂದು ತನಗೇ ಹೇಳಿಕೊಂಡು, ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಅವಳಿಗೆ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ: "ಪಂಪಿನ ಹಿಂದೆ ಒಂದು ಪುಟ್ಟ ಲಿವರ್ ಇರ್ತದೆ ಮೇಡಂ, ನಾಲಗೆ ಇದ್ದಂಗೆ. ಈ ಗುಂಡಿ ಎಳುದ್ರೆ ಆ ನಾಲಗೆ ಟಕ್ ಅಂತ ಹಿಂದಕ್ಕೋಯ್ತದೆ. ಎಣ್ಣೆ ಬಂದ್ ಆಯ್ತದೆ, ಗಾಡಿ ಆಫ್ ಆಯ್ತದೆ. ಗುಂಡಿ ಬಿಟ್ರೆ ಮುಂದಕ್ ಬತ್ತದೆ. ತಂತಿ ಹಳೇದಾದ್ರೆ ಗುಂಡಿ ಒಳಗೋಗಿರ್ತದೆ, ನಾಲಗೆ ಹಿಂದೇನೇ ಕೂತಿರ್ತದೆ, ಹಂಗೂ ಉಂಟು. ಆದ್ರೆ ಅಲ್ಲಿಗೆ ನನ್ ಕೈ ಹೋಗಕಿಲ್ಲ, ಕಣ್ಣೂ ಹೋಗಕಿಲ್ಲ. ಪಂಪ್ ಇಳಿಸಿದ್ರೇನೇ ಕಾಣೋದು." ಅವಳು ಟಾರ್ಚನ್ನು ಸೀಟಿನ ಕೆಳಗಿನ ಕತ್ತಲೆಗೆ ತಿರುಗಿಸಿದಳು. ಬೆಳಗಿನಿಂದ ಎರಡೂವರೆ ಗಂಟೆ ಅವಳನ್ನು ಕಾಪಾಡಿದ್ದು ಅವಳ ವಿದ್ಯೆ. ದಾರಕ್ಕೆ ಗಾಡಿಯನ್ನು ಕಾಯುವ ಶಕ್ತಿಯಿಲ್ಲ, ಆದ್ದರಿಂದ ಕೆಡಿಸುವ ಶಕ್ತಿಯೂ ಇಲ್ಲ, ಹಾಗೆ ಯೋಚಿಸುವುದೇ ಮೂಢತನ ಎಂದು ಅದು ಮತ್ತೆ ಮತ್ತೆ ಹೇಳುತ್ತಿತ್ತು. ದಾರವೆಂದರೆ ದಾರವೂ ಹೌದು, ಕಟ್ಟಿದರೆ ಕಟ್ಟಿದ್ದನ್ನು ಎಳೆದು ಹಿಡಿಯುತ್ತದೆ ಎಂಬಷ್ಟು ಸರಳವಾದದ್ದು, ಓದು ಬಾರದ ಯಾರಿಗಾದರೂ ಹೊಳೆಯುವಂಥದ್ದು, ಅವಳಿಗೆ ಹೊಳೆದಿರಲಿಲ್ಲ. ಕುತ್ತಿಗೆ ಎಂದುಕೊಂಡು ಅವಳು ನಾಲಗೆಯನ್ನು ಕಟ್ಟಿದ್ದಳು.

ಹೇಳಬೇಕು ಎನ್ನಿಸಿತು. ಈಗಲೇ, ಇದೇ ಉಸಿರಿನಲ್ಲಿ. ವಾಕ್ಯವೂ ಸಿದ್ಧವಾಯಿತು: ಅಲ್ಲಿ ಒಂದು ದಾರ ಇದೆ, ಬಿಚ್ಚಿದರೆ ಸರಿಹೋಗಬಹುದು. ದಾರ ಎಂಬ ಮಾತಿನ ಹಿಂದೆಯೇ ಯಾರು ಕಟ್ಟಿದರು ಎಂಬ ಮಾತು ಬರುತ್ತದೆ. ಅದರ ಹಿಂದೆ ಜಯಕುಮಾರನ ನಗು. ಅವನು ಬೈಯುವುದಿಲ್ಲ, ನಗುತ್ತಾನೆ. ವಿರೂಪಾಕ್ಷಿಪುರದಲ್ಲಿ ತಟ್ಟೆ ಇಳಿಸುತ್ತಾ, "ನಮ್ಮ ಮೇಡಂ ದಾರ ಕಟ್ಟವ್ರೆ, ಇನ್ ಬ್ಲೀಚಿಂಗ್ ಬ್ಯಾಡ," ಎನ್ನುತ್ತಾನೆ, ಹದಿನಾಲ್ಕು ಮನೆಯವರೂ ನಗುತ್ತಾರೆ, ಐದು ಮನೆಯವರು ನಗದೆ ಅವಳನ್ನು ನೋಡುತ್ತಾರೆ. ಸುಣ್ಣಕಟ್ಟು ಬಂದಾಗ ನೀವು ಬ್ಲೀಚಿಂಗ್ ಸರಿಯಾಗಿ ಹಾಕಿಲ್ಲ ಎಂದು ಅವರಿಗೇ ಪಾಠ ಹೇಳಿದ್ದಳಲ್ಲ. ಟಾರ್ಚನ್ನು ಎಡಗೈಗೆ ಬದಲಾಯಿಸಿಕೊಂಡಳು. ಹೊರಗೆ ಜಯಕುಮಾರನ ದನಿ ಏರಿತು.

"ನಿನ್ನೆ ಡೀಸಲ್ ಹಾಕ್ಸಿದ್ದು ಯಾರ್ಲಾ?"

"ನಾನೇ ಅಣ್ಣ."

"ಎಲ್ಲಿ?"

"ಬಂಕಲ್ಲಿ. ಯಾವಾಗ್ಲೂ ಹಾಕ್ಸೋ ಕಡೆ."

"ಬಂಕಲ್ಲೋ, ಇಲ್ಲ ಯಾವನ್ದೋ ಕ್ಯಾನಿಂದಲೋ? ಸೀಮೆಎಣ್ಣೆ ಬೆರ್ಸಿ ಮಾರೋರು ದಾರಿಗೊಬ್ರು ಕೂತವ್ರೆ. ಉಳ್ದಿದ್ ದುಡ್ಡು ಎಲ್ ಹೋಯ್ತು ಅಂತ ನಾನ್ ಕೇಳ್ಳಾ?"

ಸ್ವಾಮಿ ಬಗ್ಗಿ ಸ್ಪ್ಯಾನರು ಒರೆಸತೊಡಗಿದ. ಉತ್ತರ ಕೊಟ್ಟಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಲತಾಮಣಿ. ಜಗಳವಾದರೆ ಅದರ ಗದ್ದಲದಲ್ಲಿ ತಾನೂ ಏನನ್ನಾದರೂ ಹೇಳಿಬಿಡಬಹುದಿತ್ತು. "ಎಣ್ಣೆ ಚೆನ್ನಾಗೇ ಐತೆ ಕುಮಾರಣ್ಣ," ಎಂದು ಫಕ್ರುದ್ದೀನ್ ಒಳಗಿನಿಂದ ಹೇಳಿದ. "ನೀವ್ ಸುಮ್ಕಿರಿ ಸಾಬ್ರೆ. ಪಂಪ್ ಯಾಕ್ ಹೋಯ್ತು ಮತ್ತೆ? ಕೆಟ್ ಎಣ್ಣೆ ಕುಡ್ದೇ ಹೋಗಿರೋದು. ಮರಕ್ ಗಾಡಿ ಒರಗಿಸ್ದೋನಿಗೆ ಪಂಪ್ ಕೆಡ್ಸೋದು ಯಾವ್ ಲೆಕ್ಕ." ಸ್ವಾಮಿ ಆಗ ತಲೆಯೆತ್ತಿದ. ಗಾಡಿಯನ್ನು ಮರಕ್ಕೆ ಒರಗಿಸಿದ್ದರಿಂದಲೇ ಇಬ್ಬರೂ ಬದುಕಿದ್ದು ಎಂದು ಅವನು ಹೇಳಬಹುದಿತ್ತು, ಅವಳಿಗೆ ಹೇಳಿದ್ದ ಕೂಡ. ಬದಲಿಗೆ ಅವನು ಜೇಬಿನಿಂದ ಎರಡನೇ ಕೀ ತೆಗೆದು ಗಾಡಿಯ ಮೆಟ್ಟಿಲ ಮೇಲೆ ಇಟ್ಟ. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ, ಬೆರಳ ಸಂದಿಯನ್ನೂ ಬಿಡದೆ, ಇನ್ನೇನು ಹುಳುಮನೆಯೊಳಗೆ ಹೋಗುವವನ ಹಾಗೆ. ಅವಳು ಗಾಡಿಯಿಂದ ಇಳಿದು ಅವನೆದುರು ಬಂದಳು. ಬಾಯಿ ತೆರೆದಳು. "ಕಾಫಿ ಕುಡಿದು ಹೋಗಿ ಸ್ವಾಮಿ," ಎಂದಳು. "ಬ್ಯಾಡಿ ಅಮ್ಮಾವ್ರೆ," ಎಂದು ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹಿಪ್ಪುನೇರಳೆ ಸಾಲಿನ ನಡುವೆ ಹಾದು ರಸ್ತೆಗೆ ಹೋದ. ಅವನ ಬೆನ್ನು ಕಾಣದಂತಾಗುವವರೆಗೂ ಅವಳು ನೋಡುತ್ತಲೇ ಇದ್ದಳು. ಕೂಗಿ ಕರೆಯುವಷ್ಟು ಹತ್ತಿರವೇ ಇದ್ದ ಅವನು, ಬಹಳ ಹೊತ್ತು.

ಪಂಪು ಇಳಿಸುವ ಪುಲ್ಲರ್ ತರಲು ಫಕ್ರುದ್ದೀನ್ ಅಂಗಡಿಗೆ ಹೊರಟ. ಹೋಗಿಬರಲು ಅರ್ಧ ಗಂಟೆ ಎಂದ. ಬಂದು ಪಂಪನ್ನು ಇಳಿಸಿ ಬೆಳಕಿಗೆ ಹಿಡಿದರೆ ಎಲ್ಲರಿಗಿಂತ ಮೊದಲು ಅವನಿಗೆ ಕಾಣುತ್ತದೆ, ಮಸಿಯಾದ ದಾರ, ಅದರ ತುದಿಯಲ್ಲಿ ಅರಿಸಿನದ ಕೊಂಬು. ಜಯಕುಮಾರ್ ಸಿಗ್ನಲ್ ಹುಡುಕಿಕೊಂಡು ಫೋನು ಹಿಡಿದು ರಸ್ತೆಯ ದಿಬ್ಬದ ಕಡೆ ಹೋಗಿದ್ದ. ಲತಾಮಣಿ ಸೊಪ್ಪು ಕತ್ತರಿಸುವ ಚೂರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕ್ಯಾಬಿನ್ನು ಹತ್ತಿದಳು. ಬಳೆ ಸರಿಸಿ, ತೋಳು ಇಳಿಬಿಟ್ಟಳು. ರಾತ್ರಿ ಅಷ್ಟು ಸುಲಭವಾಗಿ ಹೋದ ಕೈ ಈಗ ಹೋಗಲೊಲ್ಲದು. ಬೆವರಿನಿಂದ ಊದಿಕೊಂಡಿತ್ತೋ ಏನೋ. ಕೊಳವೆಯ ಚೂಪು ಅಂಚು ಮುಂಗೈಯನ್ನು ಗೀರಿತು. ಅವಳು ಒತ್ತಿದಳು. ದಾರ ಸಿಕ್ಕಿತು. ಡೀಸೆಲ್ ಕುಡಿದು ಊದಿ, ಗಂಟು ಕಲ್ಲಾಗಿತ್ತು. ಚೂರಿಯ ತುದಿ ಜಾರಿ ಕಬ್ಬಿಣಕ್ಕೆ ತಗುಲಿ ಕಿರಕಿರ ಎನ್ನುತ್ತಿತ್ತು. ತಾನು ಇದನ್ನು ಮಾಡುತ್ತಿರುವುದು ಹುಳು ಉಳಿಯಲಿ ಎಂದೋ, ದಾರ ಯಾರಿಗೂ ಕಾಣದಿರಲಿ ಎಂದೋ? ಹುಳುವಿಗೆ ಎಂದರೆ ಹತ್ತು ನಿಮಿಷದ ಹಿಂದೆ, ಸ್ವಾಮಿ ಕೈ ತೊಳೆಯುತ್ತಿದ್ದಾಗ, ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಲೇಜಿನಲ್ಲಿ ಕಪ್ಪೆಯ ಎದೆ ಸೀಳಿ ಮಿಡಿಯುವ ಗುಂಡಿಗೆಯನ್ನು ಚಿಮುಟದಿಂದ ಎತ್ತಿ ತೋರಿಸುವಾಗ ಅವಳ ಕೈ ನಡುಗಿರಲಿಲ್ಲ, ಮೇಷ್ಟರು ಅದನ್ನು ಇಡೀ ತರಗತಿಗೆ ಹೇಳಿದ್ದರು. ದಾರ ತುಂಡಾಯಿತು. ಒಂದು ಸುತ್ತು, ಎರಡು. ಮೂರನೆಯದು ತಾನಾಗಿ ಕಿತ್ತುಬಂತು. ಲಿವರು ಮುಂದಕ್ಕೆ ಜಿಗಿದದ್ದು ಬೆರಳಿಗೇ ತಿಳಿಯಿತು.

ದಾರವನ್ನು ಮುಷ್ಟಿಯಲ್ಲಿ ಹಿಡಿದು ಇಳಿದು ನೀರೊಲೆಯ ಕೆಂಡದ ಮೇಲೆ ಹಾಕಿದಳು. ಡೀಸೆಲಿಗೆ ಬೆಂಕಿ ತಗುಲಿ ಭಗ್ಗೆಂದು ಉರಿಯಿತು. ಕೊಂಬು ಮಾತ್ರ ಉಳಿದು ಘಾಟಿನ ಹೊಗೆ ಬಿಡುತ್ತಾ ನಿಧಾನಕ್ಕೆ ಕಪ್ಪಾಯಿತು. ಅವಳು ಕಡ್ಡಿಯಿಂದ ಅದನ್ನು ಬೂದಿಯೊಳಕ್ಕೆ ದೂಡಿದಳು.

ಫಕ್ರುದ್ದೀನ್ ಬಂದಾಗ ಅವಳು ಗಾಡಿಯ ಹತ್ತಿರವೇ ನಿಂತಿದ್ದಳು. "ಇಳಿಸೋ ಮುಂಚೆ ಇನ್ನೊಂದೇ ಒಂದು ಸಲ ನೋಡಬಹುದಾ?" ಎಂದಳು. ದನಿ ಸಹಜವಾಗಿದೆಯೇ ಎಂದು ತಾನೇ ಕೇಳಿಸಿಕೊಂಡಳು. ಜಯಕುಮಾರ್, "ಬ್ಯಾಟ್ರಿ ಸತ್ತೋಯ್ತದೆ ಕಣೆ, ಸುಮ್ನಿರು. ನೋಡಿ ನೋಡಿ ಏನ್ ಬಂತು ಬೆಳಿಗ್ಗಿಂದ," ಎಂದ. "ಒಂದ್ ಸಲ," ಎಂದಳು ಮತ್ತೆ. "ಹುಳ ಎಲ್ಲ ಎದ್ದಿವೆ ರೀ." ಫಕ್ರುದ್ದೀನ್ ಅವಳನ್ನು ನೋಡಿದ, ಪೊರೆ ಬಂದ ಕಣ್ಣಿನಲ್ಲೋ ಚೆನ್ನಾಗಿದ್ದ ಕಣ್ಣಿನಲ್ಲೋ ಅವಳಿಗೆ ತಿಳಿಯಲಿಲ್ಲ. ನಟ್ಟುಗಳನ್ನು ಒಂದೊಂದಾಗಿ ಬಿಗಿದ, ಒಂದನ್ನು ಮಾತ್ರ ಬಿಟ್ಟು. ಕೀ ತಿರುಗಿಸಿದ. ಸೆಲ್ಫ್ ನರಳಿತು. ಒಂದು ಸುತ್ತು, ಇನ್ನೊಂದು ಸುತ್ತು, ಉಬ್ಬಸದವರ ಉಸಿರಿನಂತೆ ಎಳೆದೆಳೆದು. ಬಿಟ್ಟ ನಟ್ಟಿನ ಬಾಯಲ್ಲಿ ಡೀಸೆಲ್ ಚಿಮ್ಮಿತು. ಅವನು ಕೀ ಬಿಟ್ಟು ಇಳಿದು ಬಂದು ಅದನ್ನು ನೋಡಿದ, ಬೆರಳಲ್ಲಿ ಮುಟ್ಟಿದ, ನಟ್ಟು ಬಿಗಿದ. ಮತ್ತೆ ಹತ್ತಿ ಕೀ ತಿರುಗಿಸಿದ. ಇನ್ನು ತಿರುಗಲಾರದು ಎನ್ನುವ ಕೊನೆಯ ಸುತ್ತಿನಲ್ಲಿ ಎಂಜಿನ್ ಕೆಮ್ಮಿ, ಬಿಳಿಯ ಹೊಗೆ ಕಾರಿ, ಹಿಡಿದುಕೊಂಡಿತು.

"ನೋಡಿದ್ರಾ ಸಾಬ್ರೆ," ಎಂದು ಜಯಕುಮಾರ್ ಗಾಡಿಯ ಬಾಗಿಲಿಗೆ ತಟ್ಟಿದ. ಮುಖ ಅರಳಿತ್ತು. "ಕಳ್ಳ ಆಚೆ ಹೋದ, ಗಾಡಿ ಎದ್ ಕೂತ್ಕೊಂತು."

ಫಕ್ರುದ್ದೀನ್ ಕೈ ಒರೆಸಿಕೊಳ್ಳುತ್ತಾ, "ಪಂಪು ತಾನಾಗಿ ಕೆಟ್ಟು ತಾನಾಗಿ ಸರಿಹೋಗಿದ್ದು ನಾನು ನೋಡಿಲ್ಲ ಕುಮಾರಣ್ಣ," ಎಂದ. "ಮತ್ತೆ ಕಳ್ಳ ಯಾರು ಒಳ್ಳೇವ್ನು ಯಾರು ಅಂತ ಮಿಷನ್‌ಗೆ ಗೊತ್ತಾಗಲ್ಲ." ತಂದಿದ್ದ ಪುಲ್ಲರನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಹೊರಡುವಾಗ ಅವಳ ಕೈಯ ಮೇಲಿನ ಗೀರನ್ನು ನೋಡಿ, "ಸುಣ್ಣ ಹಚ್ಚಿ ಮೇಡಂ, ಎಣ್ಣೆ ಗಾಯ ಕೀವಾಯ್ತದೆ," ಎಂದನಷ್ಟೆ. ಗೊತ್ತಾಗಿ ಹೇಳಿದನೋ, ಬರಿಯ ಗಾಯ ಕಂಡು ಹೇಳಿದನೋ. ಆ ಎರಡರ ನಡುವಿನ ಜಾಗದಲ್ಲಿ ಇನ್ನು ಮುಂದೆ, ಅವನ ಮೊಪೆಡ್ಡಿನ ಸದ್ದು ಕೇಳಿದಾಗಲೆಲ್ಲ, ತಾನು ನ್ಯಾಯವಿಚಾರಣೆಗೆ ನಿಲ್ಲಬೇಕು ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ನಿಂತ್ಕೊಂಡ್ ಏನ್ ನೋಡ್ತೀಯ? ತಟ್ಟೆ ಕೊಡು," ಎಂದ ಜಯಕುಮಾರ್. ಅವಳು ಹುಳುಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ತನ್ನದೇ ದುಂಡಗಿನ ಅಕ್ಷರ ಎದುರಿಗಿತ್ತು. ಐದು ಸಲ ಸೋಪು ಹಾಕಿದ್ದರೂ ಉಗುರಿನ ಸಂದಿಯಲ್ಲಿ, ಮುಂಗೈಯ ರೋಮದಲ್ಲಿ, ಸೆರಗಿನಲ್ಲಿ ಡೀಸೆಲ್. "ಅತ್ತೆ, ನೀವೇ ಕೊಡಿ, ನಾನು ಟಾರ್ಚು ಹಿಡಿಯುವಾಗ ಎಣ್ಣೆ ತಾಗಿತು," ಎಂದಳು. ಶಿವಲಿಂಗಮ್ಮ, "ಗಂಡಸ್ರು ಕೆಲಸ್ದಲ್ಲಿ ನಿಂಗ್ಯಾಕವ್ವ ಹೋಗ್ಬೇಕಿತ್ತು," ಎಂದು ಗೊಣಗುತ್ತಾ ತಟ್ಟೆಯ ಮೇಲೆ ತಟ್ಟೆ ಎತ್ತಿಕೊಟ್ಟಳು. ಎಂಟು ದಿನ ಹಗಲೂ ರಾತ್ರಿ ಎಂದು ಲೆಕ್ಕಿಸದೆ ತಾನು ಸೊಪ್ಪು ಹೆಚ್ಚಿ ಹಾಕಿದ ಹುಳುಗಳು ತನ್ನ ಎದುರಿನಿಂದಲೇ ಹಾದುಹೋಗುವಾಗ ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲಬೇಕಾಯಿತು. ಒದ್ದೆ ಗೋಣಿ ಹೊದಿಸಿ, ಜಯಕುಮಾರ್ ತಾನೇ ಗಾಡಿ ಓಡಿಸಿಕೊಂಡು ಹೊರಟಾಗ ಹತ್ತು ಗಂಟೆ ದಾಟಿತ್ತು. ಗಾಡಿ ರಸ್ತೆಗೆ ಏರಿ ಮರೆಯಾದ ಮೇಲೆ ಎಂದಿನ ಆತಂಕಕ್ಕೆ ಕಾದಳು. ಇಂದು ಏನೂ ಆಗಲಿಲ್ಲ. ಅದರಿಂದ ಹೆಚ್ಚು ಭಯವಾಯಿತು.

ಮಧ್ಯಾಹ್ನ ಫೋನು ಬಂತು. ಮೂರು ತಟ್ಟೆ ಪೂರ್ತಿ ಸೊರಗಿದೆ, ಉಳಿದವು ಸೊಪ್ಪು ಹತ್ತಿಕೊಂಡಿವೆ, ಬೈಗುಳ ತಿಂದೆ, ಆದರೆ ಯಾರೂ ವಾಪಸ್ ಕೊಡಲಿಲ್ಲ ಎಂದ ಜಯಕುಮಾರ್. "ಡ್ರೈವರ್ ಕೈಕೊಟ್ಟ ಅಂತ ಯೋಳ್ದೆ. ಪಾಪ ಅಂದ್ರು." ಮೂರು ತಟ್ಟೆ ಯಾರ ಪಾಲಿನದು ಎಂದು ಅವಳು ಕೇಳಿದಳು. ಹೋದ ಸಲ ಹೆಣ ಸುರಿದವರಲ್ಲಿ ಇಬ್ಬರದು. ಅವರಿಗೆ ಮುಂದಿನ ಸಲದ ಹುಳು ದುಡ್ಡಿಲ್ಲದೆ, ತನ್ನ ಕಡೆಯಿಂದ ಎಂದು ಹೇಳಿ ಎಂದಳು, ಅವನು ಹೂಂ ಎಂದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ವಾಮಿಯ ಫೋನು ಬಂತು. ಹೆಸರು ನೋಡಿ ಅವಳು ಹಿತ್ತಿಲಿಗೆ ಬಂದಳು.

"ಅಮ್ಮಾವ್ರೇ, ಗಾಡಿ ಹೋಯ್ತಂತೆ."

"ಹೋಯಿತು ಸ್ವಾಮಿ."

"ಹುಳ?"

"ಮೂರು ತಟ್ಟೆ ಹೋಯಿತು. ಮಿಕ್ಕವು ಪರವಾಗಿಲ್ಲ."

"ಅಷ್ಟಾದ್ರೂ ಉಳ್ಕಂಡ್ವಲ್ಲ." ಹಿಂದೆ ಕೇಳುತ್ತಿದ್ದ ಟಿವಿಯ ಸದ್ದಿನಿಂದ ಅವನು ಆಚೆ ಬಂದ. "ಏನಾಗಿತ್ತು ಅಮ್ಮಾವ್ರೆ ಗಾಡೀಗೆ?"

"ಏರ್ ಅಂದರು."

"ಏರ್ ಅಲ್ಲ. ಎರಡ್ ಸಲ ನಾನೇ ತೆಗ್ದಿದ್ದೆ. ಸಾಬ್ರ ಕೈಗೇ ಸಿಗ್ಲಿಲ್ಲ ಅಂದ್ರೆ ಏರ್ ಅಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ, ಅವಳು ಹುಡುಕಿದಳು, ಇರಲಿಲ್ಲ. "ಕೆಲ್ಸಕ್ಕೆ ಕೇಳ್ತಿಲ್ಲ ಅಮ್ಮಾವ್ರೆ, ತಪ್ ತಿಳ್ಕಬ್ಯಾಡಿ. ನಾಳಿಂದ ಕನಕಪುರದ ಕಡೆ ಇಟ್ಟಿಗೆ ಗಾಡಿ ಒಂದೈತೆ, ಬಾ ಅಂದವ್ರೆ. ಹದಿನೆಂಟ್ ವರ್ಸ ಗಾಡಿ ಹೊಡ್ದಿವ್ನಿ. ನನ್ನ ಕೈಯಲ್ಲಿದ್ದ ಗಾಡಿ ಯಾಕ್ ನಿಂತ್ಕೊಂತು ಅಂತ ಗೊತ್ತಾಗ್ದಿದ್ರೆ ನಂಗೆ ನಿದ್ದೆ ಹತ್ತಕಿಲ್ಲ, ಅದ್ಕೆ. ನೀವ್ ಅಲ್ಲೇ ಇದ್ರಿ. ಏನಾದ್ರೂ ಕಂಡಿದ್ರೆ ಯೋಳಿ."

ಬೆಳಿಗ್ಗೆ ಸಿದ್ಧವಾಗಿದ್ದ ದಾರದ ಆ ವಾಕ್ಯ ಇನ್ನೂ ಹಾಗೆಯೇ ಇತ್ತು, ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಈಗ ಹೇಳಿದರೆ ಹುಳುವಿಗೆ ಏನೂ ಆಗುವುದಿಲ್ಲ, ಗಾಡಿಗೆ ಏನೂ ಆಗುವುದಿಲ್ಲ. ಕೇಳುತ್ತಿರುವವನು ನಗುವವನೂ ಅಲ್ಲ, ಊರಿಗೆ ಸಾರುವವನೂ ಅಲ್ಲ. ಹೇಳಲು ಇಷ್ಟು ಸುಲಭವಾದ ಮನುಷ್ಯ ಬೇರೊಬ್ಬ ಇರಲಾರ. ಆದರೆ ಅವನಿಗೆ ಹೇಳಿದ ಮೇಲೆ, ಬೆಳಗ್ಗೆ ಅವನು ಕೈ ತೊಳೆಯುವಾಗ ತಾನು ಎದುರಿಗೆ ಬಂದು ನಿಂತು ಕಾಫಿಯ ಮಾತೆತ್ತಿದ್ದು ಎಂಥದ್ದು ಎಂದು ಅವನಿಗೆ ತಿಳಿಯುತ್ತದೆ. ದಾರ ಕಟ್ಟಿದ್ದಕ್ಕೆ ಅವನು ಏನೂ ಅನ್ನಲಾರ. ಆ ಕಾಫಿಗೆ ಏನನ್ನುತ್ತಾನೆ?

"ನನಗೇನು ಗೊತ್ತಾಗುತ್ತೆ ಸ್ವಾಮಿ, ಗಾಡಿ ವಿಷಯ," ಎಂದಳು.

"ಅದೂ ಸರಿಯೇ," ಎಂದ ಅವನು, ತಕ್ಷಣವೇ ನಂಬಿ. "ಬರ್ತೀನಿ ಅಮ್ಮಾವ್ರೆ. ಅಣ್ಣಂಗೆ ನಿಧಾನಕ್ಕೆ ಓಡ್ಸಕ್ ಯೋಳಿ. ಎಡಗಡೆ ಬ್ರೇಕು ಒಸಿ ಎಳೀತದೆ."

ಫೋನು ನಿಂತ ಮೇಲೂ ಅವಳು ಅದನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಒಳಗಿನಿಂದ ಶಿವಲಿಂಗಮ್ಮ, ಯಾರವ್ವ ಫೋನು ಎಂದು ಕೇಳಿದಳು. ಎಡಗಡೆಯ ಬ್ರೇಕಿನ ಮಾತನ್ನು ಗಂಡನಿಗೆ ಹೇಳಬೇಕು, ಹೇಳಿದರೆ ಯಾರು ಹೇಳಿದರೆಂದು ಕೇಳುತ್ತಾನೆ, ಅಲ್ಲಿಂದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ. ತಾನೇ ಗಮನಿಸಿದೆ ಎನ್ನಬಹುದು. ಹೌದು, ಬ್ರೇಕನ್ನು ತಾನೇ ಗಮನಿಸಿದ್ದು. ಬೆಳಗ್ಗೆ ಆದದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ಗಂಡನಿಗಾಗಲಿ, ಸ್ವಾಮಿಗಾಗಲಿ, ಹನುಮಂತಮ್ಮನಿಗಾಗಲಿ, ಇವತ್ತು ಮಾತ್ರವಲ್ಲ, ಎಂದಿಗೂ. ಹಾಗೆ ನಿಶ್ಚಯ ಮಾಡಿಕೊಂಡು, "ಯಾರೋ ರಾಂಗ್ ನಂಬರ್ ಅತ್ತೆ," ಎನ್ನುತ್ತಾ ಲತಾಮಣಿ ಒಳಗೆ ಹೋದಳು.